ತಂಗೆವ್ವನ ಹಾಡಿಗೆ ಪೇಟಿ

ಹೊಳೆದಂಡೆಯ ಮಠದಲ್ಲಿ ಫಕೀರಪ್ಪ ಆರು ವರ್ಷ ಹಾರ್ಮೋನಿಯಂ ಕಲಿತ. ಅಲ್ಲಿಯವರ ಬಾಯಲ್ಲಿ ಅದು ಪೇಟಿ. ಅವನ ಬೆರಳು ಓಡತೊಡಗಿದರೆ ಹಿಡಿಯುವವರಿರಲಿಲ್ಲ. ಅದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು.

ಒಂದು ಬೆಳಿಗ್ಗೆ ಗುರು ಗುರುಸಿದ್ದಜ್ಜ ಅವನನ್ನು ಕರೆದ.

"ತಂಗೆವ್ವ ದಾಸೋಹಕ್ಕ ಜೋಳಾ ಬೀಸಾಕ ಕುಂತಾಳ. ಮಠದ ಪೇಟಿ ತಗೊಂಡು ಆಕಿ ಹಾಡಿಗೆ ಸಾಥ್ ಕೊಡು. ಹಾಡು ಕಡೀತನಕ ಹೋತಂದ್ರ ನನ್ನ ಪೇಟಿ ನಿಂದು."

ಅಜ್ಜನ ಪೇಟಿ! ಅದನ್ನು ಮುಟ್ಟಲೂ ಯಾರಿಗೂ ಅಪ್ಪಣೆ ಇರಲಿಲ್ಲ. ಫಕೀರಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಬೀಸೋ ಹಾಡೇನ್ರೀ ಅಜ್ಜಾರ? ಎಡಗೈಲೆ ನುಡಸ್ತೀನಿ!"

ಪೇಟಿಗೆ ಗಾಳಿ ತುಂಬಲು ಎಡಗೈಯಿಂದ ತಿದಿ ಒತ್ತಬೇಕೆಂಬುದು ಪುಣ್ಯಾತ್ಮನಿಗೆ ಆಗ ನೆನಪಾಗಲಿಲ್ಲ.

ತಂಗೆವ್ವ ಕಣ್ಣು ಮುಚ್ಚಿ ಹಾಡು ಎತ್ತಿದಳು. ಐವತ್ತು ವರ್ಷದಿಂದ ಆಕೆಯ ಹಾಡಿಗೆ ಬೀಸುವ ಕಲ್ಲಿನ ಸದ್ದೊಂದೇ ಜೊತೆ. ಎರಡು ನುಡಿ ಮುಗಿದವು. ಕಲ್ಲಿಗೆ ಒಂದು ಹಿಡಿ ಜೋಳ ಹಾಕಲು ಆಕೆ ತುಸು ತಡೆದಳು. ಜಾಗ ಸಿಕ್ಕಿತೆಂದು ಫಕೀರಪ್ಪ ಆ ಸಂದಿಯಲ್ಲಿ ಸ್ವರಗಳನ್ನು ಸುರಿದೇ ಸುರಿದ.

ಕಲ್ಲು ನಿಂತಿತು.

"ಯಪ್ಪಾ, ಮುಂದಿನ ನುಡಿ ಮರತೇ ಹೋತು," ಎಂದಳು ತಂಗೆವ್ವ.

ಫಕೀರಪ್ಪ ಉರಿಯುವ ಮುಖ ಹೊತ್ತು ಗುರುವಿನ ಬಳಿ ಬಂದ.

"ಆಕಿಗೆ ತಾಳಾನ ಗೊತ್ತಿಲ್ರೀ ಅಜ್ಜಾರ. ಒಮ್ಮೆ ಎಳೀತಾಳ, ಒಮ್ಮೆ ನಿಲ್ತಾಳ."

"ಎಂಟು ದಿನ ಆಕಿ ಎದುರು ಕುಂತು ಬೀಸು," ಎಂದ ಅಜ್ಜ.

ಕಲ್ಲಿಗೆ ಒಂದೇ ಗೂಟ, ಅದರ ಮೇಲೆ ಇಬ್ಬರ ಕೈ. ಫಕೀರಪ್ಪ ಜೋರಾಗಿ ಎಳೆದ. ಹಿಟ್ಟಿನ ಬದಲು ನುಚ್ಚು ಬಿತ್ತು.

"ಎಳೀಬ್ಯಾಡ ತಮ್ಮಾ. ಕೈ ಇಡು ಸಾಕು."

ಕೈ ಇಟ್ಟ. ಕಲ್ಲು ಭಾರವಾದಾಗಲೆಲ್ಲ ಹಾಡೂ ಉದ್ದವಾಗುತ್ತಿತ್ತು. ಜೋಳಕ್ಕೆ ಕೈ ಹಾಕುವಾಗ ಆಕೆ ಉಸಿರೆಳೆದುಕೊಂಡು ಮುಂದಿನ ನುಡಿ ಹುಡುಕುತ್ತಿದ್ದಳು. ಆ ಸಂದಿ ಖಾಲಿ ಇರಲೇ ಇಲ್ಲ! ಇದು ತಿಳಿಯಲು ಅವನಿಗೆ ಐದು ದಿನ ಬೇಕಾಯಿತು. ತಿಳಿದದ್ದೇ ತಡ, ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದ.

"ಅಜ್ಜಾರ! ಸಿಕ್ತ್ರೀ! ಪೇಟಿ ಕೊಡ್ರಿ!"

"ಇನ್ನೂ ಮೂರು ದಿನ ಅದಾವಲ್ಲೋ."

"ಮೂರು ದಿನಾ ತಡಕೊಳ್ಳಾಕ ಆಗೂದಿಲ್ರೀ!"

ಅಜ್ಜ ನಕ್ಕು ಮಠದ ಪೇಟಿಯನ್ನು ಅವನ ಕಡೆ ಸರಿಸಿದ, ತಾನೂ ಹಿಂದೆ ಬಂದು ಕೂತ.

ತಂಗೆವ್ವ ಹಾಡಿದಳು. ಫಕೀರಪ್ಪ ಆಕೆಯ ಸ್ವರದ ಕೆಳಗೆ ಒಂದೇ ಸ್ವರ ಮೆಲ್ಲಗೆ ಹಿಡಿದ. ಆಕೆ ಎಳೆದರೆ ಎಳೆದ. ಆಕೆಯ ಕೈ ಜೋಳಕ್ಕೆ ಹೋದಾಗ ಅವನ ಬೆರಳು ಮೇಲೆದ್ದಿತು. ನುಡಿಯ ಮೇಲೆ ನುಡಿ ಬಂತು. ಬುಟ್ಟಿಯ ಜೋಳ ತೀರಿತು, ಹಾಡೂ ಮುಗಿಯಿತು. ಫಕೀರಪ್ಪನಿಗೆ ಕುಣಿಯಬೇಕೆನ್ನಿಸಿತು.

ತಂಗೆವ್ವ ಕಣ್ಣು ತೆರೆದು ಕೈ ಕೊಡವಿದಳು.

"ಯಾಕ ತಮ್ಮಾ, ಪೇಟಿ ಮುಂದಿಟಗೊಂಡು ಸುಮ್ನ ಕುಂತಿ? ಇವತ್ತ ನುಡಸಲಿಲ್ಲೇನು?"

ಫಕೀರಪ್ಪನ ಮುಖ ಸಪ್ಪಗಾಯಿತು.

"ನೋಡ್ರೀ ಅಜ್ಜಾರ! ಹಾಡು ಪೂರಾ ನುಡಿಸೀನಿ. ಆಕಿಗೆ ಕೇಳಿಸೇ ಇಲ್ಲ!"

ಅಜ್ಜ ಒಳಗೆ ಹೋದ. ತನ್ನ ಪೇಟಿ ತಂದು ಶಿಷ್ಯನ ತೊಡೆಯ ಮೇಲಿಟ್ಟ.

"ಹಂಗಾದ್ರ ಇದು ನಿಂದು."