ಅರ್ಧಕ್ಕೆ ಕಿತ್ತ ಕೇಬಲ್

“ಉಪಕಾರವನ್ನು ಅರ್ಧಕ್ಕೆ ಬಿಟ್ಟರೆ ತಪ್ಪೇನು ಗುರುಗಳೇ? ಏನೂ ಮಾಡದವನಿಗಿಂತ ಅರ್ಧ ಮಾಡಿದವನು ಮೇಲಲ್ಲವೇ?” ಎಂದು ಶಿಷ್ಯ ಕೇಳಿದ.

“ಇಷ್ಟು ನಾಜೂಕಾಗಿ ಕೇಳುತ್ತಿದ್ದೀಯೆಂದರೆ ಎಲ್ಲೋ ಏನನ್ನೋ ಬಿಟ್ಟು ಬಂದಿರಬೇಕು” ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಈ ಕತೆ ಹೇಳಿದರು.

ಒಂದು ಸಣ್ಣ ಊರಿನ ಆಸ್ಪತ್ರೆಗೆ ಒಬ್ಬ ಗಾರೆ ಕೆಲಸದವನನ್ನು ಹೊತ್ತು ತಂದರು. ಅವನಿಗೆ ಎದೆನೋವು. ಅಲ್ಲಿ ಡಾಕ್ಟರಿರಲಿಲ್ಲ, ನರ್ಸ್ ಒಬ್ಬಳೇ ಇದ್ದಳು. ಇಂಥ ರೋಗಿ ಬಂದರೆ ಕಂಪ್ಯೂಟರಿನಲ್ಲಿ ನಗರದ ಡಾಕ್ಟರನ್ನು ಕರೆಯುವುದು ವಾಡಿಕೆ. ಅವರು ಎದೆಬಡಿತದ ಗೆರೆಯನ್ನು ಅಲ್ಲಿಂದಲೇ ನೋಡಿ ಯಾವ ಔಷಧಿ, ಎಷ್ಟು ಎಂದು ಹೇಳುತ್ತಿದ್ದರು. ಅಂದು ರಸ್ತೆ ಅಗೆಯುವವರು ಇಂಟರ್‌ನೆಟ್ ತಂತಿಯನ್ನು ಕಡಿದು ಹಾಕಿದ್ದರು. ನರ್ಸಿನ ಫೋನಿಗೆ ಸಿಗ್ನಲ್ ಸಿಗಲಿಲ್ಲ.

ಕೆಮ್ಮಿಗೆ ಮದ್ದು ಕೇಳಲು ಬಂದ ಒಬ್ಬ ವ್ಯಾಪಾರಿ ಬೆಂಚಿನ ಮೇಲೆ ಕುಳಿತಿದ್ದ. ಅವನ ಫೋನಿಗೆ ಸಿಗ್ನಲ್ ಇತ್ತು. ಯಾರೂ ಕೇಳುವ ಮೊದಲೇ ಎದ್ದು ಬಂದು, “ನನ್ನದನ್ನು ಹಾಕಿಕೊಳ್ಳಿ ತಾಯಿ” ಎಂದ. ನರ್ಸ್ ಯುಎಸ್‌ಬಿ ಕೇಬಲ್ ತಂದು ಅವನ ಫೋನನ್ನು ಕಂಪ್ಯೂಟರಿಗೆ ಜೋಡಿಸಿದಳು. ಫೋನಿನ ಇಂಟರ್‌ನೆಟ್ ಕಂಪ್ಯೂಟರಿಗೆ ಬಂತು, ಪರದೆಯ ಮೇಲೆ ಡಾಕ್ಟರ ಮುಖ ಕಾಣಿಸಿತು. ರೋಗಿಯ ಹೆಂಡತಿ ವ್ಯಾಪಾರಿಯ ಕಾಲು ಮುಟ್ಟಲು ಬಾಗಿದಳು. ಅವನು, ಅಯ್ಯೋ ಬೇಡಮ್ಮ ಎಂದು ಹಿಂದೆ ಸರಿದ. ಒಳ್ಳೆಯ ಮನುಷ್ಯನೇ ಅವನು, ಅದನ್ನು ಮರೆಯಬೇಡ.

ಡಾಕ್ಟರು ಔಷಧಿಯ ಹೆಸರು ಹೇಳಿದರು. ಎಷ್ಟು ಕೊಡಬೇಕೆಂಬುದನ್ನು ಇನ್ನೊಮ್ಮೆ ಗೆರೆ ನೋಡಿ ಹೇಳುತ್ತೇನೆ ಎಂದರು. ಅಷ್ಟರಲ್ಲಿ ವ್ಯಾಪಾರಿಯ ಫೋನು ಬಡಿದುಕೊಂಡಿತು. ಹೊಸ ಬೀಗರ ಕರೆ. ಮಗಳ ನಿಶ್ಚಿತಾರ್ಥದ ಊಟಕ್ಕೆ ಹೋಳಿಗೆಯೋ ಲಾಡುವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮನೆಯ ಮಾತು ಹತ್ತು ಜನರ ಎದುರು ಬೇಡವೆಂದು ಅವನು ಕೇಬಲ್ಲಿಗೆ ಕೈ ಹಾಕಿದ.

“ತೆಗೀಬೇಡಿ ಅಣ್ಣಾ!” ಎಂದು ನರ್ಸ್ ಕೂಗಿದಳು. ಅವಳ ಎರಡೂ ಕೈಗಳು ರೋಗಿಯನ್ನು ಹಿಡಿದಿದ್ದವು.

“ಒಂದೇ ನಿಮಿಷ, ಬಂದೆ” ಎಂದು ಅವನು ಕೇಬಲ್ ಕಿತ್ತು ಫೋನಿನೊಂದಿಗೆ ಹೊರಗೆ ಹೋದ.

ಬೀಗರ ಮಾತು ಒಂದು ನಿಮಿಷಕ್ಕೆ ಮುಗಿದದ್ದುಂಟೇ? ಬಹಳ ಹೊತ್ತಿನ ಮೇಲೆ ಅವನು ಒಳಗೆ ಬಂದು ತಾನೇ ಕೇಬಲ್ ಸಿಕ್ಕಿಸಿದ. ಡಾಕ್ಟರು ಮತ್ತೆ ಕಾಣಿಸಿಕೊಂಡು, “ಹೇಳಿ ಸಿಸ್ಟರ್, ರೋಗಿ ಹೇಗಿದ್ದಾರೆ?” ಎಂದು ಕೇಳಿದರು. ಹೆಂಡತಿ ತನ್ನ ಸೆರಗಿನಿಂದ ಗಂಡನ ಮುಖ ಒರೆಸುತ್ತಿದ್ದಳು. ಆ ಮುಖಕ್ಕೆ ಅದು ಗೊತ್ತಾಗುವ ಹೊತ್ತು ಮೀರಿತ್ತು.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಂಕಟವಾಯಿತು, ಆದರೂ ವಾದ ಬಿಡಲು ಮನಸ್ಸಾಗಲಿಲ್ಲ.

“ಆ ವ್ಯಾಪಾರಿ ಅಂದು ಅಲ್ಲಿಗೆ ಬಾರದೇ ಇದ್ದಿದ್ದರೂ ರೋಗಿ ಸಾಯುತ್ತಿದ್ದನಲ್ಲವೇ ಗುರುಗಳೇ?” ಎಂದ.

ಗುರುಗಳು ಹೇಳಿದರು: “ದೊಡ್ಡಾಸ್ಪತ್ರೆಗೆ ಒಯ್ಯಲು ಬಾಗಿಲಿಗೆ ಬಂದು ನಿಂತಿದ್ದ ಜೀಪನ್ನು, ವ್ಯಾಪಾರಿಯ ಫೋನು ಸಿಕ್ಕಿತಲ್ಲ ಎಂದು ರೋಗಿಯ ಕಡೆಯವರು ವಾಪಸು ಕಳುಹಿಸಿದ್ದರು.”