ಇರುವೆ ಗೂಡಿಗೆ ಹಾಕಿದ ನವಣೆ

ಹೊಳೆಯ ದಂಡೆಗೊಂದು ಮಠ. ಮಠಕ್ಕೊಬ್ಬರು ಅಜ್ಜಾರು. ಹೆಚ್ಚು ಮಾತಿಲ್ಲ; ಆಡಿದ್ದು ತೂಕದ ಮಾತು.

ಅವರ ಬಳಿಗೆ ಮುರಿಗೆಪ್ಪ ಎಂಬ ತರುಣ ಬಂದ. ಕಾಳಿನ ವ್ಯಾಪಾರಸ್ಥರ ಮನೆಯ ಮಗ. ಅಂಗಡಿ ಬಿಟ್ಟು ದೀಕ್ಷೆ ಬೇಡಲು ಬಂದಿದ್ದ.

“ಅಂಗಳದ ಮೂಲ್ಯಾಗ ಇರುವಿ ಗೂಡು ಐತಿ,” ಅಂದರು ಅಜ್ಜಾರು. “ದಿನಾ ಅವಕ್ಕ ನವಣಿ ಹಾಕು. ನೀ ಹಾಕಿದ್ದನ್ನ ಅವು ಉಂಡ ದಿನ ದೀಕ್ಷಾ ಕೊಡತೀನಿ.”

ಮುರಿಗೆಪ್ಪನಿಗೆ ಒಳಗೊಳಗೇ ನಗು ಬಂತು. ಇರುವೆ ಬೇಡ ಅನ್ನುವ ಕಾಳು ಯಾವ ಸಂತೆಯಲ್ಲೂ ಇಲ್ಲ. ವ್ಯವಹಾರ ಅಗ್ಗದಲ್ಲೇ ಕುದುರಿತು ಅಂದುಕೊಂಡ.

ಆದರೂ ದೀಕ್ಷೆಯ ಕೆಲಸ, ಮಡಿ ತಪ್ಪಬಾರದು. ಹೊಳೆಯಲ್ಲಿ ಮುಳುಗಿ ಎದ್ದ. ಒದ್ದೆ ಬಟ್ಟೆಯಲ್ಲೇ ಕೂತು ನವಣೆಯನ್ನು ತೊಳೆದ, ನೀರು ತಿಳಿಯಾಗುವ ತನಕ ತೊಳೆದ. ಮಂತ್ರ ಹೇಳಿ ಗೂಡಿನ ಬಾಯಿಗೆ ಸುರಿದ.

ಇರುವೆಗಳು ಸಾಲುಗಟ್ಟಿ ಬಂದು, ಒಂದು ಕಾಳೂ ಬಿಡದೆ ಒಳಗೆ ಎಳೆದುಕೊಂಡವು.

“ತಗೊಂಡವು, ಅಜ್ಜಾರ!”

“ತಗೊಳ್ಳೋದು ಬ್ಯಾರೆ, ಉಣ್ಣೋದು ಬ್ಯಾರೆ. ನಾಳೆ ನೋಡೋಣು.”

ಮರುದಿನ ಬೆಳಿಗ್ಗೆ ನೋಡಿದರೆ, ಅಷ್ಟೂ ನವಣೆ ಗೂಡಿನ ಹೊರಗೆ ಬಿದ್ದಿತ್ತು.

ಅಡುಗೆಯ ನೀಲವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ಏನೋ ಸಾವಕಾರಾ, ಇರುವಿ ಮಾಲು ವಾಪಸ್ ಮಾಡ್ಯಾವಲ್ಲೋ!”

ಮುರಿಗೆಪ್ಪ ಇನ್ಯಾರೂ ನೋಡದಂತೆ ಅದನ್ನೆಲ್ಲ ಗುಡಿಸಿ ಹೊಳೆಗೆ ಚೆಲ್ಲಿದ. ಬೇರೆ ನವಣೆ ತಂದು, ಇನ್ನೂ ತಿಕ್ಕಿ ತೊಳೆದ. ಮಂತ್ರ ಇಮ್ಮಡಿ ಮಾಡಿದ. ಇರುವೆಗಳು ಒಯ್ದವು. ಬೆಳಗಾದರೆ ಮತ್ತೆ ಹೊರಗೆ. ಮತ್ತೆ ಗುಡಿಸಿದ. ಮತ್ತೆ ತೊಳೆದ.

ಹೀಗೇ ನಡೆದು ನಡೆದು ಅವನ ಧೈರ್ಯ ಉಡುಗಿತು. ಒಂದು ಮುಂಜಾನೆ ಹಾಸಿಗೆ ಸುತ್ತಿ, ಹೆಗಲಿಗೇರಿಸಿ, ಅಜ್ಜಾರ ಮುಂದೆ ಬಂದು ನಿಂತ.

“ಹೊಂಟೆ, ಅಜ್ಜಾರ. ಇರುವಿ ಸುದ್ದಾ ಒಲ್ಲೆ ಅನ್ನೋ ಕೈ ಇದು. ಯಾವ ಜನ್ಮದ ಪಾಪನೋ. ಇದನ್ನ ದೇವರು ಮುಟ್ಟತಾನೇನು?”

“ಇವತ್ತಿನ ಕಾಳು ಗುಡಿಸಿದ್ಯಾ?”

“ಇಲ್ಲರಿ. ಹೋಗಾಂವಗ ಅದ್ಯಾಕ?”

ಅಜ್ಜಾರು ಎದ್ದು ಹೋಗಿ ಗೂಡಿನ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಹೊರಗೆ ಬಿದ್ದ ಕಾಳೊಂದನ್ನು ಹೆಕ್ಕಿ ಅವನ ಅಂಗೈಗೆ ಹಾಕಿದರು.

“ಕಡಿ.”

“ಇರುವಿ ಎಂಜಲರಿ ಅದು!”

“ಕಡಿಯೋ ಅಂದ್ರ.”

ಕಡಿದ. ಕಟಕ್ ಅನ್ನಲಿಲ್ಲ, ಹಲ್ಲಿಗೆ ಮೆತ್ತಗೆ ಹತ್ತಿತು. ಕಾಳು ಕಡಿದೇ ಬೆಲೆ ಕಟ್ಟುವವರ ಮನೆಯಲ್ಲಿ ಬೆಳೆದ ಹಲ್ಲು. ತಲೆಗಿಂತ ಮೊದಲು ಅದಕ್ಕೆ ತಿಳಿಯಿತು.

“ಹಸಿ ಐತರಿ.”

“ಹಸಿ ಕಾಳು ಬಂದ್ರ ನಿಮ್ಮಪ್ಪ ಏನ ಮಾಡತಿದ್ದ?”

“ಹಂಗ ಒಳಗ ಇಟ್ರ ಮುಗ್ಗತಾವರಿ. ಅಂಗಳದಾಗ ಬಿಸಿಲಿಗೆ ಹರವಿ...”



ಮುರಿಗೆಪ್ಪ ಬಗ್ಗಿ ನೋಡಿದ. ಎಸೆದ ಕಾಳು ಗುಡ್ಡೆಯಾಗಿ ಬಿದ್ದಿರುತ್ತದೆ. ಇದು ಗುಡ್ಡೆಯಾಗಿರಲಿಲ್ಲ. ಬಿಸಿಲು ಬೀಳುವ ಕಡೆಗೆ, ಕಾಳಿಗೆ ಕಾಳು ತಾಗದ ಹಾಗೆ, ತೆಳ್ಳಗೆ ಹರಡಿತ್ತು.

ಇಬ್ಬರೂ ಅಲ್ಲೇ ಕೂತರು. ಬಿಸಿಲು ಏರಿತು. ಒಂದು ಇರುವೆ ಬಂದು ಕಾಳೊಂದನ್ನು ಮೂಸಿ, ಕಚ್ಚಿಕೊಂಡು ಗೂಡಿನೊಳಗೆ ಹೋಯಿತು. ಅದರ ಹಿಂದೆ ಇನ್ನೊಂದು.

“ಅಂದ್ರ ಅವು ಒಲ್ಲೆ ಅಂದಿಲ್ಲೇನರಿ?”

“ಒಲ್ಲೆ ಅಂದಾಂವ ನೀನು. ದಿನಾ ಗುಡಿಸಿ ಹೊಳಿಗೆ ಚೆಲ್ಲಿದಿ.”

ಮುರಿಗೆಪ್ಪ ಹೆಗಲ ಹಾಸಿಗೆಯನ್ನು ಕೆಳಗಿಳಿಸಿದ. ಮುಖಕ್ಕೆ ಕಳೆ ಬಂತು. ಅದರ ಬೆನ್ನಿಗೇ ಅಂಗಡಿಯ ಬುದ್ಧಿಯೂ ಬಂತು.

“ಹಂಗಾರ ಒಳಗ ಒಯ್ದ ಮ್ಯಾಲ ಉಂಡಂಗೇ ಆತಲ್ಲರಿ. ದೀಕ್ಷಾ ಇವತ್ತೇ ಕೊಟ್ಟುಬಿಡ್ರಿ. ಮಾತು ಅಂದ್ರ ಮಾತು.”

ಅಜ್ಜಾರು ಮೊಣಕಾಲಿಗೆ ಕೈಯೂರಿ ಎದ್ದರು.

“ಇಷ್ಟು ದಿನ ತೊಳದು ತೊಳದು ಅವಕ್ಕ ಕೆಲಸ ಕೊಟ್ಟಿ, ತಮ್ಮಾ. ನಾಳಿಂದ ಊಟ ಕೊಡು.”