ಒಂಬತ್ತಾಳಿನ ಅಗಸಿ

ಕೃಷ್ಣೆಯ ದಂಡೆಯ ಕೊಪ್ಪರಹಾಳ ಎಂಬ ಸಣ್ಣ ಊರಿಗೆ ಬಂದವರು ಕೋಟೆಯ ಪಡುವಣ ಬಾಗಿಲನ್ನು ದಾಟಿಯೇ ಪೇಟೆಗೆ ಹೋಗಬೇಕು. ಕೋಟೆ ಈಗ ಹೆಸರಿಗಷ್ಟೇ. ಗೋಡೆಯ ಕಲ್ಲುಗಳೆಲ್ಲ ಮನೆಗಳ ತಳಪಾಯ ಸೇರಿವೆ, ಬಾಗಿಲೊಂದು ಉಳಿದಿದೆ. ಅದರ ಪಕ್ಕದ ಫಲಕದಲ್ಲಿ ‘ವಿಜಯದ್ವಾರ’ ಎಂದಿದೆ. ಯಾರ ವಿಜಯ ಎಂದು ಬರೆದವರು ಒಮ್ಮೆಯಾದರೂ ಕೇಳಬೇಕಿತ್ತು. ನಮಗೆ ಅದು ಒಂಬತ್ತಾಳಿನ ಅಗಸಿ.

ಹಿಂದೆ ಒಮ್ಮೆ ಈ ಊರು ಹೊಳೆಯಾಚೆಯ ದೊರೆಗೂ ಈಚೆಯ ದೊರೆಗೂ ನಡುವೆ ಸಿಕ್ಕಿ, ಹತ್ತು ವರ್ಷಗಳಲ್ಲಿ ನಾಲ್ಕು ಸಲ ಕೈ ಬದಲಿಸಿತು ಎನ್ನುತ್ತಾರೆ. ಬಂದವರೆಲ್ಲ ಮೊದಲು ಊರಿನ ಹೆಸರು ಬದಲಿಸುತ್ತಿದ್ದರು, ಆಮೇಲೆ ಹಿಂದಿನವನಿಗೆ ದುಡಿದವರನ್ನು ಹುಡುಕುತ್ತಿದ್ದರು. ದುಡಿಯುವುದಿಲ್ಲ ಎನ್ನುವ ದಾರಿ ಯಾರಿಗಿತ್ತು? ಆಚೆಯ ದೊರೆಯ ದಂಡನಾಯಕ ಬಿದ್ದ ಅಗಸಿಯನ್ನು ಕಟ್ಟಿಸುವಾಗ, ಕಲ್ಲುಕುಟಿಗರ ಓಣಿಯ ಗಂಡಸರನ್ನು ಬಿಟ್ಟಿಗೆ ಹಿಡಿದು ಚಾಟಿಯಲ್ಲಿ ಹೊಡೆಹೊಡೆದು ಕಲ್ಲು ಹೊರಿಸಿದ. ಮರುವರ್ಷ ಈಚೆಯ ದೊರೆಯ ದಂಡು ಊರನ್ನು ಗೆದ್ದಿತು. ಶತ್ರುವಿಗೆ ಕೋಟೆ ಕಟ್ಟಿಕೊಟ್ಟವರೆಂದು ಆ ಓಣಿಯ ಒಂಬತ್ತು ಜನರನ್ನು ಹಿಡಿದು, ಅವರೇ ಕಟ್ಟಿದ ಅಗಸಿಯ ಮುಂದೆ ಹಾಡುಹಗಲೇ ತಲೆ ಹೊಡೆಸಿತು. ಇದನ್ನು ಹೇಳುವಾಗ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ಸತ್ತವರಲ್ಲಿ ದುರುಗವ್ವ ಎಂಬವಳ ಗಂಡ ಹುಲಗಪ್ಪನೂ ಮೈದುನನೂ ಇದ್ದರು. ಗಂಡನ ಪಕ್ಕ ಕೂತು ಬೀಸುವ ಕಲ್ಲು ಕೆತ್ತಿದ ಕೈ ಅವಳದು. ಅಕ್ಷರ ಮಾತ್ರ ಬಾರದು. ಮಠದ ಅಯ್ಯನವರಿಂದ ಅಗಸಿಯ ಬಲಗಂಬದ ಮೇಲೆ ಸುಣ್ಣದಲ್ಲಿ ಒಂಬತ್ತು ಹೆಸರು ಬರೆಸಿಕೊಂಡು, ಆ ಗೆರೆಗಳ ಮೇಲೆ ಉಳಿ ಆಡಿಸಿದಳು. ಕಾವಲಿನವರು ಎರಡು ಸಲ ಹೊಡೆದು ಓಡಿಸಿದರು. ಮೂರನೆಯ ಸಲ ಓಣಿಯ ಹೆಂಗಸರೆಲ್ಲ ಬಂದು ಅವಳ ಸುತ್ತ ಕೂತರು.

ಎರಡು ವರ್ಷಕ್ಕೆ ಆಚೆಯ ದೊರೆ ಊರನ್ನು ಮತ್ತೆ ಗೆದ್ದ. ಅವನ ಅದೇ ದಂಡನಾಯಕ ಕಂಬದ ಹೆಸರುಗಳನ್ನು ಓದಿಸಿ ಕೇಳಿ ಹಿಗ್ಗಿದ. ಅವುಗಳ ಕೆಳಗೆ ‘ನಮ್ಮ ದೊರೆಗಾಗಿ ಪ್ರಾಣ ಕೊಟ್ಟವರು’ ಎಂದು ಕೆತ್ತಿಸಿ, ದುರುಗವ್ವನನ್ನು ಕರೆಸಿ, ಜನರೆದುರು ಪಟ್ಟೆಸೀರೆ ನೀಡಿದ.

“ನಿನ್ನ ಗಂಡ ನಮ್ಮ ದೊರೆಗಾಗಿ ಸತ್ತ. ತೆಗೆದುಕೊ, ಇದು ಅವನಿಗೆ ಸಂದ ಮರ್ಯಾದೆ.”

“ನನ್ನ ಗಂಡ ಯಾವ ದೊರಿಗೂ ಸತ್ತಿಲ್ರಿ ಧಣಿ,” ಎಂದಳು ದುರುಗವ್ವ. “ನೀವು ಹೊಡದು ಹೊರು ಅಂದ್ರಿ, ಹೊತ್ತ. ಅವ್ರು ಬಂದು ಯಾಕ ಹೊತ್ತಿ ಅಂತ ಕೊಂದ್ರು. ಅವನ ಹೆಸರಿನ ಬುಡಕ್ಕ ನಿಮ್ಮ ದೊರಿ ಬ್ಯಾಡ.”

“ಕೋಟೆ ನಮ್ಮದು. ಕಲ್ಲೂ ನಮ್ಮದು.”

“ಹೆಣ ಮಾತ್ರ ನಮ್ಮ ಪಾಲಿಗೆ ಬಂದುವಲ್ರಿ.”

ಸೀರೆಯನ್ನು ನೆಲಕ್ಕೆ ಹಾಕಿ, ಸೊಂಟದಲ್ಲಿದ್ದ ಉಳಿ ತೆಗೆದು ಆ ಸಾಲನ್ನು ಕೆರೆಯತೊಡಗಿದಳು. ದಂಡನಾಯಕ ಅಲ್ಲೇ ಅವಳ ಬಲಗೈ ಕಡಿಸಿದ. ಬಿದ್ದ ಉಳಿಯನ್ನು ಅವಳ ನೆಗೆಣ್ಣಿ, ಸತ್ತ ಮೈದುನನ ಹೆಂಡತಿ, ಎತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು ಸುತ್ತಿಗೆ ಹಿಡಿದು ಬಂದಳು, ಅವಳ ಹಿಂದೆ ಇಡೀ ಓಣಿ. ಎಲ್ಲರನ್ನೂ ಕೊಂದರೆ ಮುಂದೆ ಗೋಡೆ ಕಟ್ಟುವವರಿರುವುದಿಲ್ಲ ಎಂದು ಅವನು ಸುಮ್ಮನಾದನಂತೆ. ಕನಿಕರದಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದುರುಗವ್ವ ಮುಂದೆ ಇಪ್ಪತ್ತು ವರ್ಷ ಬದುಕಿದಳು, ಎಡಗೈಯಲ್ಲಿ ಕಲ್ಲು ಕೆತ್ತುತ್ತ.

ಇಂದಿಗೂ ಬಲಗಂಬದ ಮೇಲೆ ಒಂಬತ್ತು ಹೆಸರುಗಳು ಓದಲು ಸಿಗುತ್ತವೆ. ಕೆಳಗಿನ ಸಾಲಿದ್ದ ಜಾಗದಲ್ಲಿ ಅಂಗೈಯಷ್ಟು ಆಳದ ಗುಳಿ ಇದೆ, ಒಂದಕ್ಷರವೂ ಉಳಿದಿಲ್ಲ. ಅಗಸಿ ಯಾವ ರಾಜನ ಕಾಲದ್ದು ಎಂದು ನೋಡಬಂದವರು ಕೇಳುತ್ತಾರೆ. ನಾವು ಕಂಬ ತೋರಿಸಿ ಓದುತ್ತೇವೆ: ಹುಲಗಪ್ಪ, ಸಣ್ಣ ಯಂಕ, ಕರಿಲಿಂಗ, ಮುದುಕಪ್ಪ... ಒಂಬತ್ತೂ ಮುಗಿಯುವವರೆಗೆ ಅವರನ್ನು ನಿಲ್ಲಿಸಿಕೊಳ್ಳುತ್ತೇವೆ. ರಾಜನ ಹೆಸರು ನಮಗೆ ಗೊತ್ತು. ಹೇಳುವುದಿಲ್ಲ.